ಜಪಾನ್ ರಾಯರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹುಡುಕಿದರೆ ಬೀದಿಗೊಬ್ಬರಲ್ಲದಿದ್ದರೂ ವಾರ್ಡಿಗೊಬ್ಬರು ಜಪಾನ್ ರಾಯರು ಸಿಗುತ್ತಾರೆ. ಕಚೇರಿಗೆ ಯಾರೋ ಜಪಾನಿನವರು ಬರುತ್ತಾರೆಂದು ಭಾಷೆ ಕಲಿಯಲು ಹೊರಟವರು. ಬಂದವರು ಇಂಗ್ಲಿಷಿನಲ್ಲೇ ಮಾತಾಡಿ ಹೋದರು. ರಾಯರು ಪಟ್ಟು ಬಿಡಲಿಲ್ಲ. ಜುಲೈ, ಡಿಸೆಂಬರಿನ ಮೊದಲ ಭಾನುವಾರ ಯಾರ ಮನೆ ಮದುವೆ ಮುಂಜಿಗೂ ಬರುವುದಿಲ್ಲ. ಅಂದು ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ. ಎನ್5ರಿಂದ ಹತ್ತಿ ಎನ್2ರವರೆಗೆ ಬಂದಿದ್ದಾರೆ, ಎನ್1 ಮಾತ್ರ ಒಲಿದಿಲ್ಲ. ದಿನಬಳಕೆಯ 2136 ಕಾಂಜಿ ಅಕ್ಷರಗಳ ಪಟ್ಟಿ ಬಚ್ಚಲುಮನೆ ಬಾಗಿಲ ಒಳಬದಿಗಿದೆ. ಬೆಳಗ್ಗೆ ರಾಯರು ಒಳಗೆ ಹೋದರೆ ಮನೆಯವರ ಸ್ನಾನ ಮಧ್ಯಾಹ್ನಕ್ಕೆ.

ನುಗ್ಗೆಕಾಯಿ ತರಲು ಕಳಿಸಿದರೆ ಉದ್ದನೆಯ ವಸ್ತುಗಳಿಗೆಂದೇ ಇರುವ ಜಪಾನಿ ಎಣಿಕೆಯಲ್ಲಿ ‘ಇಪ್ಪೊನ್, ನಿಹೊನ್’ ಎನ್ನುತ್ತಾರೆ. ತರಕಾರಿಯವಳು ಇಪ್ಪತ್ತು ಕಟ್ಟಿಕೊಡುತ್ತಾಳೆ.

ಈಗ ಕೊನೆಗೂ ಜಪಾನಿನ ಟಿಕೆಟ್ ಕೈಗೆ ಬಂದಿದೆ, ನಿದ್ದೆ ಹೋಗಿದೆ. ಕಾರಣ ಸರಳ. ಆ ಪರೀಕ್ಷೆಯಲ್ಲಿ ಬಾಯಿ ತೆರೆಯುವ ಪ್ರಸಂಗವೇ ಇಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದರ ಮುಂದಿನ ಸುತ್ತನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಿದರಾಯಿತು. ನರಿತಾ ವಿಮಾನ ನಿಲ್ದಾಣದ ಅಧಿಕಾರಿ ‘ಯಾಕೆ ಬಂದಿರಿ’ ಎಂದು ಕೇಳಿ, ನಾಲ್ಕು ಆಯ್ಕೆ ಕೊಡದೆ ಸುಮ್ಮನೆ ಮುಖ ನೋಡಿದರೆ?

ಊಟದ ಚಿಂತೆ ಇದಕ್ಕಿಂತ ದೊಡ್ಡದು. ರಾಯರು ಶುದ್ಧ ಸಸ್ಯಾಹಾರಿ. ಅಲ್ಲಿ ನೋಡಿದರೆ ತರಕಾರಿ ಸೂಪಿನ ತಿಳಿಯಲ್ಲೂ ಒಣಮೀನಿನ ಚೂರು ಕುದಿದಿರುತ್ತದೆ. ಆದ್ದರಿಂದ ‘ಮೀನಿದೆಯೇ’ ಎಂದು ಕೇಳಲು ಅತ್ಯಂತ ಗೌರವದ ಧಾಟಿಯಲ್ಲಿ ಒಂದು ವಾಕ್ಯ ಕಟ್ಟಿದ್ದಾರೆ. ಕ್ಷಮೆಯಿಂದ ಶುರುವಾಗಿ, ಹೋಟೆಲಿನವರನ್ನು ಮೇಲೇರಿಸಿ, ತಮ್ಮನ್ನು ಕೆಳಗಿಳಿಸಿ, ಕ್ರಿಯಾಪದ ಬರುವಷ್ಟರಲ್ಲಿ ಸೂಪು ಆರಿರುತ್ತದೆ. ಅನಿಮೆ ನೋಡಿಯೇ ಕಲಿತ ಮಗಳು ಅದನ್ನೇ ಎರಡು ಪದದಲ್ಲಿ ಮುಗಿಸಿದಳು. “ಹಾಗೆ ಕೇಳಿದರೆ ಕತ್ತಿ ಹಿರೀತಾರೆ ಕಣೇ!” ಎಂದು ರಾಯರು ನಡುಗಿದರು. ಹೆಂಡತಿ ಮಾತ್ರ ಯಾವ ವ್ಯಾಕರಣಕ್ಕೂ ಕಾಯದೆ ಚಟ್ನಿಪುಡಿ, ಗೊಜ್ಜವಲಕ್ಕಿ, ನಿಪ್ಪಟ್ಟು ಕಟ್ಟಿ, “ರೀ, ಇವುಕ್ಕೆ ಜಪಾನಿ ಬೇಕಾಗಿಲ್ಲ” ಎಂದರು. ಈ ಮನೆಯಲ್ಲಿ ವಿದೇಶಕ್ಕೆ ನಿಜವಾಗಿ ಸಿದ್ಧರಾಗಿರುವವರು ಅವರೊಬ್ಬರೇ ಎಂದು ನನ್ನ ಅನಿಸಿಕೆ.

ಇನ್ನು ಎಸ್ಕಲೇಟರ್. ಟೋಕಿಯೊದಲ್ಲಿ ಜನ ಎಡಕ್ಕೆ ನಿಂತು ಅವಸರದವರಿಗೆ ಬಲಬದಿ ಬಿಡುತ್ತಾರೆ, ಒಸಾಕಾದಲ್ಲಿ ತಿರುಗುಮುರುಗು. ಇವೆರಡರ ನಡುವೆ ಷಿಂಕಾನ್ಸೆನ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಅಷ್ಟರೊಳಗೆ ಬದಿ ಬದಲಿಸುವುದು ರೂಢಿಯಾಗಲೆಂದು ರಾಯರು ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನಿಂತು ಅಭ್ಯಾಸ ಮಾಡುತ್ತಿದ್ದಾರೆ. ಹಿಂದಿನವರು “ಯಜಮಾನ್ರೇ, ಒಂದ್ಕಡೆ ನಿಂತ್ಕೊಳ್ಳಿ” ಎಂದು ಅಚ್ಚಗನ್ನಡದಲ್ಲೇ ಹರಸಿ ಮುಂದೆ ಹೋಗುತ್ತಾರೆ.

ಪ್ರವಾಸದ ಕರಪತ್ರವನ್ನು ರಾಯರು ಪೂರ್ತಿ ಓದಿಲ್ಲ, ನಾನು ಓದಿದೆ. ನಲವತ್ತು ಜನರ ತಂಡ, ಹತ್ತಿ ಇಳಿಯಲು ಒಂದೇ ಬಸ್ಸು, ಜೊತೆಗೊಬ್ಬ ಕನ್ನಡದ ಗೈಡು, ಮೂರು ಹೊತ್ತೂ ಅನ್ನ ಸಾರು ಬಡಿಸಲು ನಮ್ಮ ಕಡೆಯ ಅಡುಗೆಭಟ್ಟರು. ನಿಲ್ದಾಣದ ಆ ಅಧಿಕಾರಿಯೊಬ್ಬನನ್ನು ಬಿಟ್ಟರೆ ಇಡೀ ಜಪಾನಿನಲ್ಲಿ ರಾಯರ ಜಪಾನಿ ಯಾರಿಗೂ ಬೇಕಾಗುವುದಿಲ್ಲ. ನಿಮ್ಮ ಬಡಾವಣೆಯ ರಾಯರೂ ಇದೇ ತಂಡದಲ್ಲಿ ಹೊರಟಿದ್ದರೆ, ದಯವಿಟ್ಟು ವಿಮಾನ ಹತ್ತುವ ತನಕ ಈ ವಿಷಯ ಎತ್ತಬೇಡಿ.