ಘಟ್ಟ ಇಳಿದು ಬರುವ ಬುದ್ಧಿವಂತರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ಮುಂಬೈ, ದುಬೈಗಳಿಂದ ರಜೆಗೆ ಊರಿಗೆ ಹೊರಟಿರುವ ನಮ್ಮ ಭಟ್ಕಳ, ಹೊನ್ನಾವರ, ಕುಮಟೆಯ ಮಕ್ಕಳೇ,

ಡಿಸೆಂಬರ್ ಬಂತು, ನೀವೂ ಹೊರಟಿರಿ. ಯಾರೂ ಹೇಳದಿದ್ದರೂ ನನಗೆ ಗೊತ್ತು. ಪಂಚಗಂಗಾ ರೈಲಿನ ನಿಮ್ಮ ಟಿಕೆಟ್ಟಿನ ಫೋಟೋ ಪಿಎನ್‌ಆರ್ ಸಮೇತ ನಿನ್ನೆಯಿಂದ ನಿಮ್ಮ ಸ್ಟೇಟಸ್‌ನಲ್ಲಿ ನೇತಾಡುತ್ತಿದೆ. ಕೆಳಗೆ 'ಹತ್ತು ದಿನ ಊರಲ್ಲೇ ಠಿಕಾಣಿ' ಅಂತ ಬೇರೆ ಬರೆದಿದ್ದೀರಿ. ಬೆಂಗಳೂರಿನ ಮನೆ ಹತ್ತು ದಿನ ಖಾಲಿ ಬಿದ್ದಿರುತ್ತದೆ ಎಂದು ಇಷ್ಟು ಅಚ್ಚುಕಟ್ಟಾಗಿ ಡಂಗುರ ಹೊಡೆಸಿದವರನ್ನು ನಾನು ಕಂಡಿಲ್ಲ. ಕೀಲಿಕೈ ಯಾವ ಹೂಕುಂಡದ ಅಡಿಯಲ್ಲಿದೆ ಎನ್ನುವುದೊಂದು ಬಾಕಿ. ಅದು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಸಿಗಬಹುದು ಬಿಡಿ.

ನಾನು ಯಾರೆಂದು ಕೇಳುತ್ತೀರಾದರೆ, ನಿಮ್ಮ ಅಪ್ಪನ ಫೋನಿನಲ್ಲಿ 'ಪಕ್ಕದ ಮನೆ' ಎಂದು ಸೇವ್ ಆಗಿರುವವನು. ಜನವರಿ ಎರಡಕ್ಕೆ ನೀವು ಉಪ್ಪಿನಕಾಯಿ ಭರಣಿ, ಹಲಸಿನ ಹಪ್ಪಳದ ಕಟ್ಟು ಹೊತ್ತು ಹೋದ ಮೇಲೆ, ನೀವು ಮಾಡಿಟ್ಟು ಹೋದ ಗಂಟುಗಳನ್ನು ಬಿಡಿಸುತ್ತ ಕೂರುವುದು ನನ್ನ ಕೆಲಸ. ಸಂಬಳ ಒಂದು ಲೋಟ ಚಾ, ಅಪರೂಪಕ್ಕೆ ಒಂದು ತೊಡದೇವು. ಈ ವರ್ಷ ಕೆಲಸದ ಹೊರೆ ಸ್ವಲ್ಪ ಇಳಿಸಿಕೊಡಿ ಎಂದು ವಿನಂತಿಸಲು ಈ ಪತ್ರ.

ಮೊದಲು ನಿಮ್ಮ ಉಡುಗೊರೆಯ ವಿಷಯ. ವರ್ಷಕ್ಕೊಮ್ಮೆ ನೀವು ಅಪ್ಪನಿಗೆ ಹೊಸ ಫೋನು ತರುತ್ತೀರಿ. ಮಧ್ಯಾಹ್ನದ ಊಟ ಮುಗಿದಿದೆ, ಜಗಲಿಯಲ್ಲಿ ಅಪ್ಪ ಕವಳದ ಬಟ್ಟಲು ಎಳೆದುಕೊಂಡು ಕೂತಿದ್ದಾರೆ, ನೀವು ಪಕ್ಕದಲ್ಲಿ ಪಾಠಕ್ಕೆ ಶುರುವಿಟ್ಟಿದ್ದೀರಿ. "ಇದು ಎಂತದೋ ಕೇಳ್ತಾ ಇದ್ದಲ ತಮಾ" ಎನ್ನುತ್ತಾರೆ ಅವರು. "ಎಲ್ಲದಕ್ಕೂ ಅಲೋ ಕೊಡು ಅಪ್ಪಾ" ಎನ್ನುತ್ತೀರಿ ನೀವು, ಇನ್ನೊಂದು ಕೈಯಲ್ಲಿ ನಿಮ್ಮ ಆಫೀಸಿನ ಮೇಲ್ ನೋಡುತ್ತ. ಫೋನ್‌ಬುಕ್ ನೋಡಲೇ ಅಂದರೆ ಅಲೋ, ಮೆಸೇಜು ಓದಲೇ ಅಂದರೆ ಅಲೋ. ಯುಪಿಐ ಪಿನ್ನಿಗೆ ನಿಮ್ಮ ಹುಟ್ಟಿದ ಇಸವಿ. ಮರೆತುಹೋದೀತು ಎಂದು ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ, ಗ್ಯಾಸ್ ಬಂದ ತಾರೀಕಿನ ಪಕ್ಕದಲ್ಲೇ, ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೀರಿ. ಖಾತೆಯಾದರೂ ಯಾವುದು? ಅಡಿಕೆ ಮಾರಿದ ದುಡ್ಡು ಬಂದು ಬೀಳುವ ಖಾತೆಯೇ. ಆ ಹತ್ತು ನಿಮಿಷದಲ್ಲಿ ಅಪ್ಪ ಕಲಿತದ್ದು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದನ್ನು. ಅರವತ್ತು ವರ್ಷ ತೋಟದ ಗಡಿಯ ಒಂದು ಗೇಣಿಗೂ ಹೂಂ ಅನ್ನದ ಮನುಷ್ಯ ಅವರು!

ಮುಂದಿನ ಫಸಲು ಕೊಯ್ಯುವವನು ಬೇರೆ. ಅವನು ಮದುವೆ ಆಮಂತ್ರಣ ಕಳಿಸುತ್ತಾನೆ. ಹೆಸರಿನ ಕೊನೆಗೆ 'ಎಪಿಕೆ' ಎಂದು ಬಾಲವಿರುತ್ತದೆ. ಫೋಟೋ ಆಗಲಿ ಪಿಡಿಎಫ್ ಆಗಲಿ ಅಲ್ಲ ಅದು, ಒಂದು ಆ್ಯಪ್. ಒತ್ತಿದರೆ ಇನ್‌ಸ್ಟಾಲ್ ಮಾಡಲೇ ಎಂದು ಕೇಳುತ್ತದೆ, ಆಮೇಲೆ ಮೆಸೇಜು ಓದಲೇ ಎಂದು ಕೇಳುತ್ತದೆ. ನಿಮ್ಮ ಪಾಠದಂತೆ ಅಪ್ಪ ಅಲೋ ಕೊಡುತ್ತಾರೆ. ಅಲ್ಲಿಂದ ಬ್ಯಾಂಕಿನ ಒಟಿಪಿ ಬಂದದ್ದು ಅಪ್ಪನಿಗಿಂತ ಮೊದಲು ಅವನಿಗೆ ಗೊತ್ತು. ಅದೇ ಆಮಂತ್ರಣ ಅಪ್ಪನ ಹೆಸರಲ್ಲಿ ಊರಿಗೆಲ್ಲ ಹೋಗುತ್ತದೆ, ಅಪ್ಪನ ಮೇಲಿನ ಗೌರವಕ್ಕೆ ಊರೂ ಒತ್ತುತ್ತದೆ. ಆರ್‌ಟಿಒ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಬರುವವೂ ಇದೇ ಸಂತಾನ.

ಇಂಥದೊಂದು ಆಮಂತ್ರಣವನ್ನು ನಮ್ಮ ಕೇರಿಯಲ್ಲಿ ಹಿಡಿದುಹಾಕಿದ್ದು ಎಂಬತ್ತು ದಾಟಿದ ಒಬ್ಬ ಅಜ್ಜಿ. ಸಾಫ್ಟ್‌ವೇರ್ ಮೊಮ್ಮಗ ಆಗಲೇ ಬೆರಳು ಎತ್ತಿದ್ದ. ಅಜ್ಜಿ ಕೇಳಿದ್ದು ಇಷ್ಟೇ: "ಧನುರ್ಮಾಸದಲ್ಲಿ ಯಾರ ಮನೆ ಮದ್ವೆಯೋ ಅದು?" ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮಲ್ಲಿ ಮುಹೂರ್ತವೇ ಇಲ್ಲ. ಅಷ್ಟಕ್ಕೂ ಹೇಳಿಕೆ ಎಂದರೆ ಮನೆ ಬಾಗಿಲಿಗೆ ಬಂದು, ಕುಂಕುಮ ಅಕ್ಷತೆ ಕೊಟ್ಟು, ಎಷ್ಟು ಜನ ಬರುತ್ತೀರಿ ಎಂದು ಕೇಳಿ ಹೋಗುವುದು. ಯಾವ ಆ್ಯಂಟಿವೈರಸ್‌ನಲ್ಲೂ ಪಂಚಾಂಗ ಇರುವುದಿಲ್ಲ ನೋಡಿ. ಅಪ್ಪಿತಪ್ಪಿ ಒತ್ತಿಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಆ್ಯಪ್ ಕಿತ್ತುಹಾಕುವುದು, ಫೋನು ರಿಸೆಟ್ ಮಾಡುವುದು ಆಮೇಲಿನ ಕೆಲಸ.

ಇನ್ನು ಕುಮಟಾ ಮೀನು ಮಾರ್ಕೆಟ್ಟಿಗೆ ಬನ್ನಿ. ಹೋದ ವರ್ಷ ಇದೇ ಹೊತ್ತಿನಲ್ಲಿ ಕಪ್ಪು ಕನ್ನಡಕದ ಒಬ್ಬ ತಮ್ಮ ಆರುನೂರು ರೂಪಾಯಿಯ ಶೆಟ್ಲಿ ಕೊಂಡು, ಫೋನಿನಲ್ಲಿ ಹಸಿರು ಟಿಕ್ಕು ತೋರಿಸಿ ಹೊರಟ. ಮೀನಿನ ಅಕ್ಕ ಚೀಲದ ಕೈ ಬಿಡಲಿಲ್ಲ. "ಡಬ್ಬಿ ಮಾತಾಡ್ಲಿ ತಮಾ." ಅವನು ಮತ್ತೆ ತೋರಿಸಿದ. "ಅದು ನಿನ್ ಫೋನು. ನಂದು ಡಬ್ಬಿ." ಸರ್ವರ್, ನೆಟ್‌ವರ್ಕ್, ಪೆಂಡಿಂಗ್ ಎಂದು ಅವನು ವಿವರಿಸುತ್ತಲೇ ಇದ್ದ. ಅಕ್ಕ ಚೀಲವನ್ನು ಮೊಣಕಾಲಿನ ಅಡಿಗೆ ಒತ್ತಿ ಹಿಡಿದು, ಮುಂದಿನ ಗಿರಾಕಿಗೆ ಬಂಗಡೆ ಎಣಿಸಿ ಹಾಕಿದಳು. ಕಡೆಗೆ, ದುಡ್ಡು ಬಂದದ್ದನ್ನು ಸಾರುವ ಆ ಡಬ್ಬಿ ಆರುನೂರು ಎಂದು ಕೂಗಿತು, ಚೀಲ ಬಿಡುಗಡೆಯಾಯಿತು. ಹಸಿರು ಟಿಕ್ಕು ಬಿಡಿಸಿ ಕೊಡುವ ನಕಲಿ ಆ್ಯಪ್‌ಗಳಿವೆ ಎಂದು ಅವಳು ಯಾವ ಲೇಖನದಲ್ಲೂ ಓದಿಲ್ಲ. ಗಿರಾಕಿಯ ಕೈಯಲ್ಲಿರುವುದು ತನ್ನ ದುಡ್ಡಲ್ಲ ಎನ್ನುವುದು ಅವಳಿಗೆ ಗೊತ್ತು.

ಅದೇ ತಮ್ಮ ಅದೇ ಸಂಜೆ ರದ್ದಾದ ಬಸ್ಸಿನ ಹಣ ವಾಪಸ್ ಪಡೆಯಲು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿದ. ಮೇಲೆ ಕಂಡ ಮೊದಲ ನಂಬರಿಗೇ ಹಚ್ಚಿದ. ಆ ಕಡೆಯವರು ಬಹಳ ವಿನಯದಿಂದ ಒಂದು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಸಾರ್, ರೀಫಂಡ್ ಬರುತ್ತದೆ ಎಂದರು. ಹಾಕಿದ. ರೀಫಂಡ್ ಆ ಕಡೆಗೆ ಹೋಯಿತು. 2016ರಲ್ಲಿ ಯುಪಿಐ ಬಂದ ದಿನದಿಂದ ಇಂದಿನವರೆಗೆ ದುಡ್ಡು ಬರಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ದುಡ್ಡು ಕೇಳಿ ರಿಕ್ವೆಸ್ಟ್ ಕಳಿಸುವ ಮೋಸ ಅತಿಯಾಯಿತೆಂದು ಯುಪಿಐ ನಡೆಸುವ ಎನ್‌ಪಿಸಿಐನವರು 2025ರ ಅಕ್ಟೋಬರ್‌ನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ಕೇಳುವ ಸೌಕರ್ಯವನ್ನೇ ತೆಗೆದುಹಾಕಿದರು. ಆದರೆ ಪಿನ್ನನ್ನು ತಾನಾಗಿ ಒತ್ತುವ ಬೆರಳಿಗೆ ಎನ್‌ಪಿಸಿಐ ಏನು ಮಾಡೀತು? ಆ ತಮ್ಮನ ಕೆಲಸ, ಹೇಳಲು ನಾಚಿಕೆಯಾಗುತ್ತದೆ, ಒಂದು ಪೇಮೆಂಟ್ ಕಂಪನಿಯಲ್ಲಂತೆ.

ನಿಮ್ಮ ಆಫೀಸಿನ ಗೆಳೆಯರನ್ನು ಮುರ್ಡೇಶ್ವರ, ಗೋಕರ್ಣ ತೋರಿಸಲು ಕರೆತರುತ್ತೀರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅರ್ಧ ಬೆಲೆಗೆ ಸಮುದ್ರದ ಮುಖದ ರೂಮು, ಅಡ್ವಾನ್ಸ್ ಪೂರ್ತಿ ಈಗಲೇ, ಇನ್ನೆರಡೇ ಉಳಿದಿವೆ ಎನ್ನುತ್ತದೆ ಜಾಹೀರಾತು. ಫೋಟೋದಲ್ಲಿ ನೀಲಿ ಗಾಜಿನಂಥ ನೀರು. ಹುಟ್ಟಿದ ಲಾಗಾಯ್ತು ಇಲ್ಲಿಯ ಸಮುದ್ರ ನೋಡಿದವರು ನೀವು, ಮುರ್ಡೇಶ್ವರದ ನೀರು ಎಂದಾದರೂ ಆ ಬಣ್ಣಕ್ಕೆ ತಿರುಗಿದ್ದಿದೆಯೇ? ಯಾತ್ರಿಕರನ್ನೂ ಪ್ರವಾಸಿಗರನ್ನೂ ಗುರಿಯಿಟ್ಟ ನಕಲಿ ಬುಕಿಂಗ್ ಜಾಲತಾಣ, ಫೇಸ್‌ಬುಕ್ ಪುಟ, ಗೂಗಲ್ ಜಾಹೀರಾತುಗಳ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿದೆ. ಅದು ಬೇಡ, ಸೋದರಮಾವನಿಗೆ ಒಂದು ಫೋನು ಹಚ್ಚಿದ್ದರೆ ಸ್ಕೂಟರ್ ಹತ್ತಿ ಹೋಗಿ, ಲಾಡ್ಜ್ ಇದೆಯೋ ಇಲ್ಲವೋ ನೋಡಿ, ಮಾಲೀಕನ ಜಾತಕವನ್ನೂ ತಂದು ಹೇಳುತ್ತಿದ್ದರು.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವೆಗೆ ಹೊರಟ ಕುಟುಂಬವೊಂದು ಮ್ಯಾಪ್ ತೋರಿಸಿದ ಅಡ್ಡದಾರಿ ನಂಬಿ ಖಾನಾಪುರದ ಭೀಮಗಡ ಕಾಡಿನೊಳಗೆ ಕಾರಿನಲ್ಲೇ ರಾತ್ರಿ ಕಳೆಯಿತು. ಸಿಗ್ನಲ್ಲಿಗಾಗಿ ನಡೆದುಹೋಗಿ 112ಕ್ಕೆ ಕರೆ ಮಾಡಬೇಕಾಯಿತು. ಗೇರುಸೊಪ್ಪೆ ಘಟ್ಟದಲ್ಲೂ ಸಿಗ್ನಲ್ಲು ಬಂದ ಹಾಗೆ ಮಾಡಿ ಹೋಗುತ್ತದೆ. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಸಂಶಯ ಬಂದಲ್ಲಿ ಗಾಜು ಇಳಿಸಿ ಯಾರನ್ನಾದರೂ ಕೇಳಿ. ಊರು ಮುಟ್ಟಿದ ಮೇಲೆ ಕಾಸರಕೋಡ ಬೀಚಿನಲ್ಲಿ ಫೋನು ನೀರಿಗೆ ಬಿದ್ದರೆ ತಂದು ನಿಮ್ಮ ಆಯಿಯ ಅಕ್ಕಿ ಡಬ್ಬಿಯಲ್ಲಿ ಹುಗಿಯಬೇಡಿ. ಹಾಗೆ ಮಾಡಬೇಡಿ ಎಂದು ಆ್ಯಪಲ್ ಕಂಪನಿಯೇ ಹೇಳಿದೆ. ಅಕ್ಕಿಯ ಪುಡಿ ಫೋನಿಗೆ ಕೆಡುಕು. ಫೋನಿನ ಉಪ್ಪು ಅನ್ನಕ್ಕೆ ಎಷ್ಟು ರುಚಿಯೋ ತಿಳಿಯದು.

ಭಟ್ಕಳದವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನಿಮ್ಮ ಮನೆಗಳಿಗೆ ಕೊಲ್ಲಿಯಿಂದ ಪಾರ್ಸೆಲ್ಲು ನಿಜವಾಗಿಯೂ ಬರುತ್ತದೆ, ಮಗ ನಿಜವಾಗಿಯೂ ದುಬೈಯಲ್ಲಿರುತ್ತಾನೆ. ಹಾಗಾಗಿ "ನಿಮ್ಮ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ" ಎಂಬ ಕರೆ ಬಂದರೆ ಬೇರೆ ಊರಿನವರಿಗಿಂತ ನಿಮ್ಮ ಅಮ್ಮನ ಎದೆ ಬೇಗ ಒಡೆಯುತ್ತದೆ. ವಿಡಿಯೋ ಕರೆಯಲ್ಲಿ ಪೊಲೀಸ್ ಟೋಪಿ, ಹಿಂದೆ ಅಶೋಕ ಸ್ತಂಭ, ಮುಂದೆ ಫೈಲು. ಕ್ಯಾಮೆರಾ ಆರಿಸಬಾರದು, ಯಾರಿಗೂ ಹೇಳಬಾರದು, ಇದು ಡಿಜಿಟಲ್ ಅರೆಸ್ಟ್. ಇಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಇದೇ ಮೋಸದ ಒಂದು ಕರೆಯನ್ನು ಕೇಳಿಸಿದರು. ಅದು ನಮ್ಮ ವಿಜಯಪುರದವರಿಗೆ ಬಂದಿದ್ದ ಕರೆ.

ನನಗೆ ಆಶ್ಚರ್ಯವೆಂದರೆ ಇದು ನಮ್ಮಲ್ಲೂ ನಡೆಯುವುದು. ಹೊನ್ನಾವರದ ಗುಣವಂತೆಯಲ್ಲಿ 1934ರಿಂದ ಯಕ್ಷಗಾನ ಮೇಳ ಕಟ್ಟಿ ಆಡಿದವರ ಸೀಮೆ ಇದು. ಸೀತೆಯ ಎದುರು ಬಂದು ನಿಂತ ಸನ್ಯಾಸಿ ರಾವಣನೆಂದು ನಮ್ಮ ಮಕ್ಕಳಿಗೂ ಗೊತ್ತು. ಅವನು ಚೌಕಿಯಲ್ಲಿ ಕೂತು ಬಣ್ಣ ಹಚ್ಚಿಕೊಳ್ಳುವುದನ್ನು ಇಣುಕಿ ನೋಡಿ ಬಂದವರು ನಾವು. ಫೋನಿನೊಳಗೆ ವೇಷ ಕಂಡ ಕೂಡಲೇ ಮಾತ್ರ ಕೈ ಮುಗಿಯುತ್ತೇವೆ. ಟೋಪಿ ಹಾಕಿದವನಿಗೂ ಒಂದು ಚೌಕಿ ಇರುತ್ತದೆ, ಫೋನಿಟ್ಟು ನಮ್ಮೂರ ಠಾಣೆಗೆ ಹೋಗಿ ಕೇಳಿದರೆ ಬಣ್ಣ ಕಳಚುತ್ತದೆ.

ಇಲ್ಲಿ ಸ್ವಲ್ಪ ನಗೆ ಬದಿಗಿಡುತ್ತೇನೆ. ನಮ್ಮ ಜಿಲ್ಲೆಗೆ ತಾಗಿಕೊಂಡ ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ 2025ರ ಮಾರ್ಚ್‌ನಲ್ಲಿ ವೃದ್ಧ ದಂಪತಿ ಇಂಥದೇ ಕರೆಗೆ ಸಿಕ್ಕಿ, ಲಕ್ಷಗಟ್ಟಲೆ ಕಳೆದುಕೊಂಡು, ಪ್ರಾಣವನ್ನೇ ತೆಗೆದುಕೊಂಡರು. ಆ ಸುದ್ದಿ ಓದಿದ ದಿನ ನಮ್ಮ ಕೇರಿಯ ಹಿರಿಯರೊಬ್ಬರು ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದರು, ತಾನೂ ಸ್ವಲ್ಪ ದುಡ್ಡು ಕಳೆದುಕೊಂಡಿದ್ದೇನೆ ಎಂದು. ಯಾವಾಗ ಎಂದೆ. ದೀಪಾವಳಿಯಲ್ಲಿ ಎಂದರು. ಮತ್ತೆ ಇಷ್ಟು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂದೆ. "ಮಗ ಬೈತಾ" ಎಂದರು.

ಈ 'ಮಗ ಬೈತಾ' ಎನ್ನುವುದರಲ್ಲೇ ಕಳ್ಳರ ಅರ್ಧ ದುಡಿಮೆ ನಡೆಯುತ್ತಿದೆ. ಮೋಸ ಹೋದ ಮೊದಲ ಗಂಟೆಯಲ್ಲೇ 1930ಕ್ಕೆ ತಿಳಿಸಿದರೆ ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ದಾರಿಯಿದೆ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ಪಿನ್ನು, ಒಟಿಪಿ ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಅಂದರೆ ಹೇಳಲು ಹೆದರಿದ ಒಂದೊಂದು ಗಂಟೆಗೂ ಬೆಲೆಯಿದೆ. ನೀವೋ, ಚಾರ್ಜರ್ ಉಲ್ಟಾ ಹಾಕಿದರೂ "ಅಪ್ಪಾ, ಎಷ್ಟು ಸಲ ಹೇಳೋದು" ಎಂದು ಹತ್ತು ಜನರ ಎದುರು ಸಿಡುಕುತ್ತೀರಿ. ಕಳ್ಳ ಅವರನ್ನು ಸಾರ್ ಎಂದು ಕರೆಯುತ್ತಾನೆ, ತಾಳ್ಮೆಯಿಂದ ಒಂದೊಂದೇ ಗುಂಡಿ ಒತ್ತಿಸುತ್ತಾನೆ, ಊಟ ಆಯಿತೇ ಎಂದೂ ಕೇಳುತ್ತಾನೆ. ಮಗನಿಗಿಂತ ಮರ್ಯಾದಸ್ಥ ಎಂದು ಅವರಿಗೆ ಅನ್ನಿಸಿದರೆ ತಪ್ಪು ಯಾರದು?

ಹಾಗಾಗಿ ಈ ಸಲ ಉಡುಗೊರೆ ಬೇಡ, ಒಂದು ಮಧ್ಯಾಹ್ನ ಕೊಡಿ. ಅಡಿಕೆ ದುಡ್ಡಿನ ಖಾತೆಯನ್ನು ಯುಪಿಐನಿಂದ ಬಿಡಿಸಿ, ಐದಾರು ಸಾವಿರ ಓಡಾಡುವ ಸಣ್ಣ ಖಾತೆಯೊಂದನ್ನು ಜೋಡಿಸಿ. ವಾಟ್ಸ್ಆ್ಯಪಿಗೆ ಎರಡನೇ ಬೀಗವಿದೆ, ಟೂ ಸ್ಟೆಪ್ ವೆರಿಫಿಕೇಶನ್, ಅದನ್ನು ಹಾಕಿ. ಕೊರಿಯರ್ ಹುಡುಗನ ಮಾತು ಕೇಳಿ ಯಾವುದೋ ನಂಬರು ಒತ್ತಿ ಕರೆಗಳೆಲ್ಲ ಬೇರೆಡೆಗೆ ತಿರುಗಿದ್ದರೆ ##002# ಒತ್ತಿ ವಾಪಸ್ ತನ್ನಿ. ಜಾತ್ರೆಯಲ್ಲಿ ಫೋನೇ ಹೋದರೆ ಮೊದಲು ಸಿಮ್ಮು ನಿಲ್ಲಿಸಿ, ಠಾಣೆಯಲ್ಲಿ ದೂರು ಕೊಟ್ಟು, ಸರ್ಕಾರದ ಸಿಇಐಆರ್ ತಾಣದಲ್ಲಿ ಆ ಫೋನನ್ನೇ ಕೆಲಸಕ್ಕೆ ಬಾರದಂತೆ ಮಾಡಬಹುದು. 1930ನ್ನು ಆಯಿಯ ಫೋನಿನಲ್ಲೂ ಸೇವ್ ಮಾಡಿ, ಹೆಸರು ಅವರಿಗೆ ಬೇಕಾದ್ದು ಇಡಲಿ. ಒಬ್ಬರು 'ಕಳ್ಳ ಬಂದ' ಎಂದು ಇಟ್ಟುಕೊಂಡಿದ್ದಾರೆ, ನೆನಪಿಗೆ ಚಲೋ ಆಗುತ್ತದಂತೆ. ಪಿನ್ನನ್ನು ಅಪ್ಪನೇ ಆರಿಸಲಿ, ನೀವು ಆ ಕಡೆ ಮುಖ ಮಾಡಿ ಕೂತಿರಿ. ಅವರು ಗುಂಡಿ ಹುಡುಕುವಾಗ ಕೈಯಿಂದ ಫೋನು ಕಿತ್ತುಕೊಳ್ಳಬೇಡಿ. ನಿಮಗೆ ಸೈಕಲ್ ಕಲಿಸುವಾಗ ಅವರು ಎಷ್ಟು ದಿನ ಹಿಂದೆ ಓಡಿದ್ದರು ಎನ್ನುವುದನ್ನು ನಾನು ಈ ಬದಿಯ ಬೇಲಿಯಿಂದ ನೋಡಿದ್ದೇನೆ.

ಕ್ಯಾಲೆಂಡರು ಹೇಗೂ ಹೊಸದು ಬರುತ್ತದೆ. ಹಳೆಯದನ್ನು ಒಲೆಗೆ ಹಾಕಿಸಿ.

ಇಂತಿ,
ನಿಮ್ಮೂರಿನವ

ವಿ.ಸೂ.: ಈ ಪತ್ರದ ಕೆಳಗೆ ಕ್ಯೂಆರ್ ಕೋಡ್ ಇರುವುದಿಲ್ಲ. ನಿಮಗೆ ಬಂದ ಪ್ರತಿಯಲ್ಲಿ ಇದ್ದರೆ ಅದು ನನ್ನದಲ್ಲ.