ರಾಜೀನಾಮೆ: ಒಂದು ವ್ಯಾಕರಣ ವಿಚಾರ

ಶಾಲೆಯ ವ್ಯಾಕರಣ ಪುಸ್ತಕ ಹೇಳುವ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ರೂಪಗಳು ಮೂರೂ ಒಂದೇ ಕಡೆ ಹುಲುಸಾಗಿ ಬೆಳೆದಿರುವುದನ್ನು ನೋಡಬೇಕಾದರೆ ‘ರಾಜೀನಾಮೆ ಕೊಡು’ ಎಂಬ ಪ್ರಯೋಗವನ್ನು ಗಮನಿಸಬೇಕು. ವಿರೋಧ ಪಕ್ಷದವರ ಬಾಯಲ್ಲಿ ಅದು ‘ಕೊಡಲಿ’. ಸಚಿವರ ಬಾಯಲ್ಲಿ ‘ಕೊಡೆನು’. ಆಡುಮಾತಿನಲ್ಲಿ ‘ಕೊಡೋ ಪ್ರಶ್ನೆಯೇ ಇಲ್ಲ’. ಹೈಕಮಾಂಡಿಗೆ ಹತ್ತಿರದವರ ಬಾಯಲ್ಲಿ ‘ಕೊಟ್ಟಾರು’. ಭೂತಕಾಲ ವಿರಳ. ವಿಭಕ್ತಿಗಳಲ್ಲಿ ಸಪ್ತಮಿಗೇ ಅಗ್ರಸ್ಥಾನ: ‘ರಾಜೀನಾಮೆ ಜೇಬಿನಲ್ಲೇ ಇದೆ.’

ರಾಜಿ ಅರಬ್ಬಿಯದು, ನಾಮೆ ಪಾರ್ಸಿಯದು. ಉತ್ತರದ ಕೋರ್ಟುಗಳಲ್ಲಿ ಇಂದಿಗೂ ಅದು ವಾದಿ-ಪ್ರತಿವಾದಿಗಳು ರಾಜಿಯಾದ ಪತ್ರ. ಜಗಳ ಮುಗಿಸುವ ಆ ಕಾಗದ ಕನ್ನಡಕ್ಕೆ ಬಂದು ಜಗಳ ಶುರುಮಾಡುವ ಕಾಗದವಾಯಿತು.

ಈ ಶಬ್ದದ ಮಹಾಪ್ರಯೋಗಕಾರ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಅವರ ಜನತಾ ಪಕ್ಷಕ್ಕೆ ದಕ್ಕಿದ್ದು 4. ಹೆಗಡೆ ರಾಜೀನಾಮೆ ಕೊಟ್ಟರು, ಹಂಗಾಮಿಯಾಗಿ ಮುಂದುವರಿದರು, 1985ರಲ್ಲಿ 139 ಶಾಸಕರೊಂದಿಗೆ ಮರಳಿದರು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟ್ ಚಾಟಿ ಬೀಸಿದಾಗ ಮತ್ತೊಮ್ಮೆ ಕೊಟ್ಟರು. ಮೂರೇ ದಿನಕ್ಕೆ ವಾಪಸ್ ಪಡೆದರು. 1988ರ ಆಗಸ್ಟ್‌ನಲ್ಲಿ, ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಕೊಟ್ಟ ಮೂರನೆಯದಕ್ಕೆ ಮಾತ್ರ ನಿಘಂಟಿನ ಅರ್ಥ ಬಂತು. ಮೊದಲೆರಡನ್ನು ‘ಸ್ವಾರ್ಥೇ ಪ್ರಯೋಗ’ ಎಂದು ವರ್ಗೀಕರಿಸಬಹುದೇನೋ, ಪಂಡಿತರು ಕ್ಷಮಿಸಬೇಕು.

ಪಠ್ಯ ಸಂಪಾದನೆಯ ಸಮಸ್ಯೆ ಎದುರಾದದ್ದು 2019ರ ಜುಲೈ 6ರಂದು. ಸ್ಪೀಕರ್ ಕಚೇರಿಗೆ ಶಾಸಕರು ರಾಜೀನಾಮೆ ಪತ್ರ ಹಿಡಿದು ಗುಂಪಾಗಿ ಬಂದರು, ಸ್ಪೀಕರ್ ಇರಲಿಲ್ಲ. ಅಷ್ಟರಲ್ಲಿ ಧಾವಿಸಿ ಬಂದ ಸಚಿವ ಡಿ.ಕೆ. ಶಿವಕುಮಾರ್ ಕೆಲವು ಪತ್ರಗಳನ್ನು ಹರಿದೇಬಿಟ್ಟರು. ತಾಳೆಗರಿಗೆ ಗೆದ್ದಲು ಹಿಡಿದು ಪಾಠ ಲುಪ್ತವಾದದ್ದುಂಟು. ಸಚಿವರ ಕೈಯಿಂದಲೇ ಆದದ್ದು ವಿರಳ. ಉಳಿದ ಪ್ರತಿಗಳನ್ನು ಪರಿಶೀಲಿಸಿದ ಸ್ಪೀಕರ್ ರಮೇಶ್ ಕುಮಾರ್, 13ರಲ್ಲಿ 8 ಕ್ರಮಬದ್ಧವಾಗಿಲ್ಲ ಎಂದರು. ರಾಜೀನಾಮೆ ಸ್ವಇಚ್ಛೆಯದೇ, ಅಸಲಿಯೇ ಎಂದು ಸ್ಪೀಕರ್ ನೋಡಬೇಕೆಂಬುದು 1974ರಿಂದ ಸಂವಿಧಾನದ 190ನೇ ವಿಧಿಯಲ್ಲೇ ಇದೆ. ಹೀಗೆ ಕರ್ತೃತ್ವ ವಿಚಾರಕ್ಕೆ ಸಂವಿಧಾನದ ಬೆಂಬಲವಿರುವ ಸಾಹಿತ್ಯ ಪ್ರಕಾರ ಇದೊಂದೇ ಇರಬೇಕು.

ಮುಂದೆ 17 ಮಂದಿ ಅನರ್ಹರಾದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಸ್ಪರ್ಧೆಗೆ ಅಡ್ಡಿಯಿಲ್ಲವೆಂದಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಗೆದ್ದು ಬಂದವರ ಪೈಕಿ 10 ಮಂದಿ 2020ರ ಫೆಬ್ರವರಿ 6ರಂದು ರಾಜಭವನದಲ್ಲಿ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಆದ್ದರಿಂದ ‘ಅಧಿಕಾರ ತ್ಯಾಗ’ ಎಂಬ ಪರ್ಯಾಯಪದವನ್ನು ಮುಂದಿನ ಮುದ್ರಣದಲ್ಲಿ ಪುನರ್‌ಪರಿಶೀಲಿಸಬೇಕೆಂದು ನಿಘಂಟುಕಾರರಲ್ಲಿ ವಿನಂತಿ.