ಸ್ಟೀರಿಯೋ ಬದಲಿಸಿದ ಯಜಮಾನರು

ಕಾರಿನೊಂದಿಗೆ ಬಂದ ಸ್ಟೀರಿಯೋವನ್ನು ಕಿತ್ತು ಹೊಸದನ್ನು ಹಾಕಿಸಿ, ಅದರ ಸದ್ದು ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ ಎಂದು ಕಂಡಕಂಡವರಲ್ಲಿ ದೂರುವ ಗೃಹಸ್ಥರನ್ನು ಸ್ಟೀರಿಯೋ ಯಜಮಾನರು ಎನ್ನಬಹುದು. ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದರೂ ಇವರು ಸಿಗುತ್ತಾರೆ. ಕಾರಿನ ಬಾಗಿಲು ತೆರೆದಿರುತ್ತದೆ, ಒಂದು ಕಾಲು ಹೊರಗಿರುತ್ತದೆ, ತಲೆ ಡ್ಯಾಶ್‌ಬೋರ್ಡಿನ ಕೆಳಗಿರುತ್ತದೆ, ಒಂದೇ ಹಾಡಿನ ಪಲ್ಲವಿ ಮತ್ತೆ ಮತ್ತೆ ಕೇಳುತ್ತಿರುತ್ತದೆ. ಚರಣ ಇವರಿಗೆ ಬೇಕಿಲ್ಲ. ವಯಸ್ಸು ನಲವತ್ತು ದಾಟಿರುತ್ತದೆ, ಕಾರಿಗೆ ಏಳೆಂಟು ವರ್ಷವಾಗಿರುತ್ತದೆ. ಹೊಸ ಕಾರು ಕೊಳ್ಳುವ ಮಾತನ್ನು ಮನೆಯಲ್ಲಿ ಎತ್ತಿ ಸೋತವರು ಹಳೇ ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿ ಸಮಾಧಾನ ಪಡುತ್ತಾರೆ. ಈ ವರ್ಗದ ಉಗಮ ಇಷ್ಟೇ.

ಖರೀದಿ ನಡೆಯುವುದು ಹೆಚ್ಚಾಗಿ ಜೆ.ಸಿ. ರಸ್ತೆಯಲ್ಲಿ. ಸೀಟ್ ಕವರಿನಿಂದ ಹಾರ್ನ್‌ವರೆಗೆ ಕಾರಿನ ಅಲಂಕಾರದ ಸಕಲವೂ ಸಿಗುವ ಆ ಬೀದಿಯಲ್ಲಿ ಯಜಮಾನರು ಪರದೆಯ ಅಳತೆಯನ್ನು ವಿಚಾರಿಸುತ್ತಾರೆ, ಬೆಲೆಯನ್ನು ಚೌಕಾಸಿ ಮಾಡುತ್ತಾರೆ. ಡಬಲ್ ಡಿನ್ ಎಂದರೆ 180 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರದ ಕಿಂಡಿ ಎಂಬುದನ್ನು ಮನೆಯಲ್ಲೇ ಓದಿಕೊಂಡು ಬಂದಿರುತ್ತಾರೆ. ಅದನ್ನು ಅಂಗಡಿಯವನಿಗೇ ಹೇಳಿಕೊಡುತ್ತಾರೆ. ಡಬ್ಬಿಯ ಮೇಲೆ '50 ವ್ಯಾಟ್ × 4' ಎಂದು ಮುದ್ರಿಸಿರುವುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಸತತವಾಗಿ ಹೊಮ್ಮುವ ಶಕ್ತಿ ಪ್ರತಿ ಸ್ಪೀಕರಿಗೆ ಇಪ್ಪತ್ತು ವ್ಯಾಟಿನ ಆಸುಪಾಸು. ಆದರೆ ಸೋಮವಾರ ಆಫೀಸಿನಲ್ಲಿ ಇವರು ಹೇಳುವುದು ಇನ್ನೂರು ವ್ಯಾಟ್ ಎಂದೇ. ಗುಣಗಳ ಪಟ್ಟಿ ಓದುತ್ತಾ ಅಂಗಡಿಯವನು "ಸ್ಪೀಡ್ ವಾಲ್ಯೂಮ್ ಕೂಡ ಇದೆ ಸಾರ್" ಎಂದಾಗ ಯಜಮಾನರು ಗಂಭೀರವಾಗಿ ತಲೆಯಾಡಿಸುತ್ತಾರೆ. ಹಾಗೆಂದರೇನು ಎಂದು ಕೇಳಿದ ಉದಾಹರಣೆ ಇಲ್ಲ. ದುಡ್ಡು ಕೊಟ್ಟು ಕೊಂಡ ಗುಣವನ್ನೇ ಮುಂದೆ ರೋಗವೆಂದು ಭಾವಿಸುವುದು ಈ ವರ್ಗದ ಮೂಲ ಲಕ್ಷಣ.

ರೋಗ ಕಾಣಿಸಿಕೊಳ್ಳುವುದರಲ್ಲಿ ಭೂಗೋಳದ ಪಾತ್ರವಿದೆ. ಮೊದಲ ಕೆಲವು ವಾರ ಕಾರು ಸಿಲ್ಕ್ ಬೋರ್ಡ್, ಮಾರತಹಳ್ಳಿ, ಹೆಬ್ಬಾಳಗಳ ನಡುವೆ ತೆವಳುವುದರಿಂದ ವೇಗ ಎಂಬ ಪ್ರಶ್ನೆಯೇ ಏಳುವುದಿಲ್ಲ, ಸದ್ದೂ ಏಳುವುದಿಲ್ಲ. ಮೈಸೂರಿನಲ್ಲಿ ಒಂದು ಗೃಹಪ್ರವೇಶವೋ ಮದುವೆಯೋ ಬಂದು ಎಕ್ಸ್‌ಪ್ರೆಸ್‌ವೇ ಹತ್ತಿದ ದಿನ ಸ್ಟೀರಿಯೋ ತನ್ನ ಸ್ವರೂಪ ತೋರಿಸುತ್ತದೆ. ಮುಳ್ಳು ಎಂಬತ್ತು ದಾಟುತ್ತಿದ್ದಂತೆ ಯಾರೂ ಮುಟ್ಟದ ಸದ್ದು ಮೇಲೇರುತ್ತದೆ. ಟೋಲ್ ಬಂದಾಗ ತಾನಾಗಿ ಇಳಿಯುತ್ತದೆ. ದಾಟಿದರೆ ಮತ್ತೆ ಏರುತ್ತದೆ. ಈ ಕ್ರಮವನ್ನು ಎರಡು ಸಲ ಕಂಡ ಯಜಮಾನರು ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಮೇಲೆ ಅನುಮಾನ ಪಡುತ್ತಾರೆ. ಹಿಂದಿನ ಸೀಟಿನಿಂದ "ಏನ್ರೀ, ಜೋರಾಗಿ ಓಡಿಸಿದಾಗ ಮಾತ್ರ ಜೋರಾಗುತ್ತಲ್ವಾ?" ಎಂಬ ಮಾತು ಬರುತ್ತದೆ. "ನಿಂಗೆ ಗೊತ್ತಾಗಲ್ಲ, ಸುಮ್ನಿರೇ. ಇದು ವೈರಿಂಗ್ ಪ್ರಾಬ್ಲಮ್ಮು" ಎಂಬುದು ಉತ್ತರ. ರೋಗನಿದಾನ ಮೈಸೂರು ತಲುಪುವ ಮುನ್ನವೇ ಆಗಿ ಹೋಗಿತ್ತು ಎಂಬುದು ದಾಖಲಾಗುವುದಿಲ್ಲ.

ಊರಿಗೆ ಮರಳಿದ ಮೇಲೆ ಶಂಕಿತರ ಪಟ್ಟಿ ತಯಾರಾಗುತ್ತದೆ. ಪಟ್ಟಿಯಲ್ಲಿ ಮೊದಲು ಫಿಟ್ಟಿಂಗ್ ಮಾಡಿದ ಹುಡುಗ, ಏಕೆಂದರೆ ಕೆಲಸ ಮಾಡುವಾಗ ಅವನು ಫೋನಿನಲ್ಲಿ ಮಾತಾಡುತ್ತಿದ್ದ. ಅವನ ಹಿಂದೆ ಚೀನಾ, ಅದರ ಹಿಂದೆ ಇಲಿ. ಇಲಿಯ ಮೇಲಿನ ಅನುಮಾನ ಆಧಾರವಿಲ್ಲದ್ದಲ್ಲ. ನಿಂತ ಕಾರುಗಳ ವೈರನ್ನು ಅವು ಕಡಿಯುವುದುಂಟು. ಆದರೆ ಎಂಬತ್ತು ಕಿಲೋಮೀಟರ್ ವೇಗಕ್ಕೆ ಮಾತ್ರ ಪ್ರತಿಕ್ರಿಯಿಸುವಂತೆ ವೈರು ಕಡಿಯುವ ಇಲಿ ಇನ್ನೂ ಹುಟ್ಟಿಲ್ಲ. ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಒಂದೇ ಹೆಸರು ಸೆಟ್ಟಿಂಗ್ಸ್.

ಅಸಲು ಕಾರಣಗಳಲ್ಲಿ ಮೊದಲನೆಯದು ಅದೇ. ವೇಗ ಹೆಚ್ಚಿದಂತೆ ಟೈರು ಮತ್ತು ಗಾಳಿಯ ಸದ್ದು ಹೆಚ್ಚಿ ಹಾಡಿನ ತಗ್ಗುಸ್ವರಗಳನ್ನು ನುಂಗುತ್ತದೆ. ಅದನ್ನು ಸರಿದೂಗಿಸಲು ಸ್ಟೀರಿಯೋ ತಾನೇ ದನಿ ಏರಿಸುತ್ತದೆ. ವೇಗ ತಿಳಿಯಲು ಅದು ಕಾರಿನ ವೇಗಸೂಚಕ ತಂತಿಯನ್ನೋ, ಕ್ಯಾನ್ ಬಸ್ ಪೆಟ್ಟಿಗೆಯನ್ನೋ, ಜಿಪಿಎಸ್ ಆಂಟೆನಾವನ್ನೋ ನೆಚ್ಚುತ್ತದೆ. ಹಳೆಯ ಯುರೋಪಿಯನ್ ಮಾದರಿಯ ಐಎಸ್‌ಒ ಕಪ್ಲರಿನಲ್ಲಿ ವೇಗದ ಸಂಕೇತಕ್ಕೆಂದೇ ಒಂದು ಪಿನ್ ಮೀಸಲಾಗಿದೆ. ಮೆನುವಿನಲ್ಲಿ ಇದು ಎಸ್‌ವಿಸಿ, ಎಎಸ್‌ಎಲ್, ಗಾಲಾ ಎಂದು ಕಂಪನಿಗೊಂದು ಹೆಸರಿನಲ್ಲಿ ಅಡಗಿರುತ್ತದೆ. ಆಫ್, ಲೋ, ಮಿಡ್, ಹೈ ಎಂಬ ಆಯ್ಕೆಗಳಿರುತ್ತವೆ. ಪರೀಕ್ಷೆ ಸರಳ: ಎಂಜಿನ್ ಚಾಲೂ ಇಟ್ಟು, ಕಾರು ನಿಲ್ಲಿಸಿ, ಒಂದೇ ಹಾಡನ್ನು ಹತ್ತು ನಿಮಿಷ ಕೇಳುವುದು. ನಿಂತಾಗ ಸದ್ದು ಸ್ಥಿರವಾಗಿದ್ದು ಓಡುವಾಗ ಮಾತ್ರ ಏರಿದರೆ ವೇಗದ ಮೆನುವನ್ನೇ ನೋಡಬೇಕು. ಯಜಮಾನರು ಈ ಪರೀಕ್ಷೆ ಮಾಡುವುದಿಲ್ಲ. ಪರದೆಗೆ ಹೊಸ ವಾಲ್‌ಪೇಪರ್ ಹಾಕಲು ಅದೇ ಮೆನುವಿಗೆ ದಿನಕ್ಕೆರಡು ಬಾರಿ ಹೋಗಿ ಬರುತ್ತಾರೆ, ಸೌಂಡ್ ಎಂಬ ಪುಟವನ್ನು ಮಾತ್ರ ತೆರೆಯುವುದಿಲ್ಲ.

ಎರಡನೆಯ ಕಾರಣ ಜೇಬಿನಲ್ಲಿರುತ್ತದೆ. ಫೋನಿನ ನಕಾಶೆ "ಮುಂದೆ ಎಡಕ್ಕೆ ತಿರುಗಿ" ಎನ್ನುವಾಗ ಹಾಡು ತಗ್ಗುವುದು, ಮಾತು ಮುಗಿದೊಡನೆ ಮೇಲೇಳುವುದು ಯಂತ್ರದ ಸೌಜನ್ಯ. ಬ್ಲೂಟೂತಿನಲ್ಲಿ ಇನ್ನೊಂದು ಸಂಗತಿಯಿದೆ. ಫೋನಿಗೊಂದು ವಾಲ್ಯೂಮ್, ಸ್ಟೀರಿಯೋಗೊಂದು ವಾಲ್ಯೂಮ್. 'ಆಬ್ಸಲ್ಯೂಟ್ ವಾಲ್ಯೂಮ್' ವ್ಯವಸ್ಥೆ ಇವೆರಡನ್ನೂ ಜೋಡಿಸುತ್ತದೆ, ಕೆಲವು ಜೋಡಿಗಳಲ್ಲಿ ಹೊಂದಾಣಿಕೆ ಕೂಡಿ ಬರುವುದಿಲ್ಲ. ಹಿಂದೆ ಕೂತ ಮಗ ತನ್ನ ಫೋನನ್ನು ಜೋಡಿಸಿಕೊಂಡು ಅಲ್ಲಿಂದಲೇ ದನಿ ಆಡಿಸುತ್ತಿರುವ ಸಾಧ್ಯತೆಯೂ ಇದೆ. ಪೆನ್ ಡ್ರೈವ್ ಹಾಕಿ ಅದೇ ಹಾಡು ಕೇಳಿದಾಗ ಏರಿಳಿತ ನಿಂತರೆ ತಪ್ಪು ಫೋನಿನ ಕಡೆಯದು. ರಿವರ್ಸ್ ಗೇರ್ ಹಾಕಿದಾಗ ದನಿ ತಗ್ಗುವುದೂ ಹಲವು ಆಂಡ್ರಾಯ್ಡ್ ಸ್ಟೀರಿಯೋಗಳಲ್ಲಿರುವ ಸೆಟ್ಟಿಂಗೇ. ಪಾರ್ಕಿಂಗ್ ಸೆನ್ಸರಿನ ಬೀಪು ಕೇಳಲಿ ಎಂಬ ಉದ್ದೇಶ ಅದರದು. ಕಾವಲುಗಾರ "ಬನ್ನಿ ಸಾರ್, ಬನ್ನಿ, ಬನ್ನಿ" ಎನ್ನುವ ಊರಿನಲ್ಲಿ ಈ ಉಪಕಾರ ಯಾರಿಗೂ ಬೇಕಿಲ್ಲದಿರಬಹುದು.

ಮೂರನೆಯದು ರೋಗವೇ ಅಲ್ಲ. 1971ರ 'ಕಸ್ತೂರಿ ನಿವಾಸ'ದ ಹಾಡಿನ ಬೆನ್ನಿಗೇ 2018ರ 'ಕೆಜಿಎಫ್' ಹಾಡು ಬಂದರೆ ಕಿವಿ ಬೆಚ್ಚುವುದು ಸಹಜ. ಹಳೆಯ ಧ್ವನಿಮುದ್ರಣದಲ್ಲಿ ಮೆಲುದನಿಗೂ ಏರುದನಿಗೂ ಅಂತರ ಹೆಚ್ಚು. ಇತ್ತೀಚಿನವುಗಳಲ್ಲಿ ಇಡೀ ಹಾಡನ್ನು ಒತ್ತಿ ಮೇಲ್ಮಟ್ಟದಲ್ಲೇ ನಿಲ್ಲಿಸಿರುತ್ತಾರೆ. ಹಾಗೆಯೇ 101.3ರ ಎಫ್‌ಎಂ ರೇನ್‌ಬೋದಿಂದ ಪೆನ್ ಡ್ರೈವಿಗೆ ಹಾರಿದಾಗಲೂ ಮಟ್ಟ ಬದಲಾಗುತ್ತದೆ. ಪ್ರತಿ ಮೂಲಕ್ಕೂ ಬೇರೆ ಬೇರೆ ಮಟ್ಟ ಹೊಂದಿಸುವ ಸೌಲಭ್ಯವನ್ನು ಬಹಳಷ್ಟು ಸ್ಟೀರಿಯೋಗಳು 'ಸೋರ್ಸ್ ಲೆವೆಲ್' ಎಂಬ ಹೆಸರಿನಲ್ಲಿ ಕೊಡುತ್ತವೆ. ಯಜಮಾನರು ಇದನ್ನೂ ಫಿಟ್ಟಿಂಗ್ ಹುಡುಗನ ಖಾತೆಗೇ ಬರೆಯುತ್ತಾರೆ.

ನಾಲ್ಕನೆಯದರಲ್ಲಿ ಮಾತ್ರ ವೈರಿಂಗಿನ ವಾದಕ್ಕೆ ಹುರುಳಿದೆ. ಎಷ್ಟೋ ಕಾರುಗಳ ಸ್ಟೀರಿಂಗ್ ಮೇಲಿನ ಬಟನ್‌ಗಳು ಒಂದೆರಡು ತಂತಿಗಳಲ್ಲೇ ಎಲ್ಲ ಸುದ್ದಿಯನ್ನೂ ಕಳಿಸುತ್ತವೆ. ಬಟನ್‌ಗೊಂದು ಪ್ರತಿರೋಧದ ಬೆಲೆ ಇರುತ್ತದೆ; ಒತ್ತಿದಾಗ ಸಿಗುವ ವೋಲ್ಟೇಜನ್ನು ಅಳೆದು ಯಾವ ಬಟನ್ ಎಂದು ಸ್ಟೀರಿಯೋ ಊಹಿಸುತ್ತದೆ. ಅರ್ತಿಂಗ್ ಸಡಿಲವಾದರೆ, ಸಂಪರ್ಕದಲ್ಲಿ ಕಿಲುಬು ಸೇರಿದರೆ ಅಳತೆ ಜರುಗಿ 'ಮುಂದಿನ ಹಾಡು' ಎಂಬ ಆಜ್ಞೆ 'ದನಿ ಏರಿಸು' ಎಂದಾಗುತ್ತದೆ. ಕೆಲವೊಮ್ಮೆ ಯಾರೂ ಒತ್ತದೆಯೂ ಆಜ್ಞೆ ಹೊರಡುತ್ತದೆ. ಪರದೆಯ ಮೇಲೆ ವಾಲ್ಯೂಮಿನ ಅಂಕಿ ತಾನಾಗಿ ಮೂಡಿ ಓಡಿದರೆ ಈ ಕಡೆಗೆ ನೋಡಬೇಕು. ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಹೀಗಾದರೆ ಅದರೊಳಗೆ ಸುರುಳಿಯಾಗಿರುವ ಕ್ಲಾಕ್ ಸ್ಪ್ರಿಂಗ್ ಪಟ್ಟಿ ಸವೆದಿರಬಹುದು. ಏರ್‌ಬ್ಯಾಗಿನ ತಂತಿಯೂ ಅದರಲ್ಲೇ ಹಾದುಹೋಗುವುದರಿಂದ ಅದನ್ನು ಬಿಚ್ಚುವುದು ವರ್ಕ್‌ಶಾಪಿನ ಕೆಲಸ. ಭಾನುವಾರದ ಸ್ಕ್ರೂಡ್ರೈವರಿಗೆ ಇಲ್ಲಿ ಪ್ರವೇಶವಿಲ್ಲ. ದೋಷ ಸ್ಟೀರಿಂಗಿನದೋ ಅಲ್ಲವೋ ತಿಳಿಯಲು ಸ್ಟೀರಿಯೋ ಹಿಂಬದಿಯಲ್ಲಿ ಆ ಬಟನ್‌ಗಳ ತಂತಿಯನ್ನು ಕಳಚಿ ಒಂದು ದಿನ ಓಡಿಸಿದರೆ ಸಾಕು.

ಉಳಿದವು ಚಿಲ್ಲರೆ ಕಾರಣಗಳು. ತಿರುಗಿಸುವ ಗುಂಡಿಯ ಒಳಗೆ ಧೂಳು ಸೇರಿದರೆ ಏರಿಸಿದಾಗ ಇಳಿಯುತ್ತದೆ, ಇಳಿಸಿದಾಗ ಜಿಗಿಯುತ್ತದೆ. ಕಂದು ಬಣ್ಣದ ಮ್ಯೂಟ್ ತಂತಿ ಇರುವ ಸ್ಟೀರಿಯೋಗಳಲ್ಲಿ ಅದು ಬರಿಮೈಯಲ್ಲಿ ಕಾರಿನ ಲೋಹಕ್ಕೆ ತಾಗಿದರೆ ದನಿ ಥಟ್ಟನೆ ಅಡಗುತ್ತದೆ. ಹಳದಿ ತಂತಿ ಸದಾ ಬ್ಯಾಟರಿಯದು, ಕೆಂಪು ಕೀಲಿಯದು. ಇವೆರಡು ಅದಲುಬದಲಾದರೆ ಸ್ಟೀರಿಯೋ ರಾತ್ರಿಯ ನೆನಪು ಕಳೆದುಕೊಂಡು, ಗಡಿಯಾರವನ್ನೂ ವಾಲ್ಯೂಮನ್ನೂ ಪ್ರತಿ ಬೆಳಗ್ಗೆ ಮೊದಲಿನಿಂದ ಶುರುಮಾಡುತ್ತದೆ. ಡ್ರಮ್ಮಿನ ಪ್ರತಿ ಪೆಟ್ಟಿಗೂ ದನಿ ಕುಸಿದರೆ ವಿದ್ಯುತ್ ಸಾಲದೆಂದು ಅರ್ಥ: ಎಂಜಿನ್ ಓಡುವಾಗ ಹಳದಿ ತಂತಿಯಲ್ಲಿ ಹದಿನಾಲ್ಕು ವೋಲ್ಟಿನ ಆಸುಪಾಸು ಸಿಗಬೇಕು, ಕಪ್ಪು ತಂತಿ ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಕೂತಿರಬೇಕು.

ಇಷ್ಟೆಲ್ಲ ಕಾರಣಗಳಲ್ಲಿ ಒಂದನ್ನು ಹಿಡಿಯಲು ಒಂದೇ ನಿಯಮ: ಮೆನುವಿನಿಂದ ಶುರುಮಾಡಿ ತಂತಿಗೆ ಬರಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಯಜಮಾನರ ಪದ್ಧತಿ ತಂತಿಯಿಂದ ಹೊರಟು ಜಗಳಕ್ಕೆ ಬರುತ್ತದೆ. ಒಂದೇ ಬೆಳಗ್ಗೆ ಕಪ್ಲರ್ ಕಿತ್ತು ಹಾಕುತ್ತಾರೆ, ಬ್ಯಾಟರಿ ಬಿಚ್ಚುತ್ತಾರೆ, ಫೋನ್ ಬದಲಿಸುತ್ತಾರೆ, ಫ್ಯಾಕ್ಟರಿ ರೀಸೆಟ್ ಒತ್ತುತ್ತಾರೆ. ಸದ್ದು ನೆಟ್ಟಗಾದರೆ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ತಿಳಿಯದ್ದನ್ನು ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಸಲಹೆಯಾಗಿ ಹಂಚುತ್ತಾರೆ. ಹಾಗಾಗಿ ಬಿ ಬ್ಲಾಕಿನ ಇನ್ನೊಬ್ಬ ಯಜಮಾನರು ಮುಂದಿನ ಭಾನುವಾರ ಬ್ಯಾಟರಿ ಬಿಚ್ಚುತ್ತಾರೆ.

ಕೊನೆಗೆ ಜೆ.ಸಿ. ರಸ್ತೆಗೇ ಹೋಗಬೇಕಾಗುತ್ತದೆ. ಫಿಟ್ಟಿಂಗ್ ಹುಡುಗ ದೂರನ್ನೆಲ್ಲ ಕೇಳಿ, ಪರದೆಯನ್ನು ಮೂರು ಕಡೆ ಮುಟ್ಟಿ, "ಆಫ್ ಮಾಡಿದೀನಿ ಸಾರ್. ಅದು ಫೀಚರು" ಎನ್ನುತ್ತಾನೆ. ಮೂರು ಸಲ ಮುಟ್ಟಿದ್ದಕ್ಕೆ ದುಡ್ಡು ಕೇಳುವುದಿಲ್ಲ, ಅದೇ ಯಜಮಾನರಿಗೆ ನೋವು; ಕೇಳಿದ್ದರೆ ರೋಗ ದೊಡ್ಡದೇ ಇತ್ತೆಂದು ಮನೆಯಲ್ಲಿ ಹೇಳಬಹುದಿತ್ತು. ಮನೆಯಲ್ಲಿ ಅವರು ವೈರಿಂಗ್ ಸರಿಮಾಡಿಸಿಕೊಂಡು ಬಂದೆ ಎನ್ನುತ್ತಾರೆ.

ವಾಸಿಯಾದ ಯಜಮಾನರ ಸ್ಥಿತಿಯನ್ನೂ ಹೇಳಬೇಕು. ಮುಂದಿನ ಮೈಸೂರು ಪ್ರಯಾಣದಲ್ಲಿ ಗಾಡಿ ನೂರರ ಮಿತಿ ಮುಟ್ಟಿದಾಗ ಗಾಳಿಯ ಸದ್ದಿನಲ್ಲಿ ಹಾಡು ಕೇಳುವುದಿಲ್ಲ. ಇವರು ಕೈ ಚಾಚಿ ವಾಲ್ಯೂಮ್ ಏರಿಸುತ್ತಾರೆ, ಟೋಲಿನಲ್ಲಿ ಇಳಿಸುತ್ತಾರೆ, ದಾಟಿದ ಮೇಲೆ ಮತ್ತೆ ಏರಿಸುತ್ತಾರೆ. ಯಂತ್ರ ಮಾಡುತ್ತಿದ್ದ ಕೆಲಸವನ್ನು ಈಗ ಖುದ್ದಾಗಿ ಮಾಡಿ ತೃಪ್ತರಾಗಿರುತ್ತಾರೆ. ಆಫ್ ಬದಲು ಲೋ ಎಂದು ಇಟ್ಟುಕೊಂಡರೆ ಈ ಶ್ರಮ ಬೇಕಿಲ್ಲ. ಅದಕ್ಕೆ ಸೌಂಡ್ ಪುಟವನ್ನು ತೆರೆಯಬೇಕು.